ಕುರ್ಚಿಯ ಮೇಲೆ ಕೂತ ಮಣೆ

ಏನಾಗಿರಬಹುದು, ಹೇಳಿ ನೋಡೋಣ. ಒಂದು ಊರಿನ ನೀರಿನ ಕಚೇರಿಯಲ್ಲಿ, ಅಧಿಕಾರಿಯ ಕುರ್ಚಿಯ ಮೇಲೆ ಒಂದು ಹಲಸಿನ ಮಣೆ ಕೂತಿತ್ತು. ಅಧಿಕಾರಿ ಪಕ್ಕದಲ್ಲಿ ನಿಂತಿದ್ದ. ಒಂದು ದಿನವಲ್ಲ, ಎರಡು ದಿನವಲ್ಲ, ಇಪ್ಪತ್ತೇಳು ದಿನ ಮಣೆ ಕೂತಿತ್ತು, ಇಪ್ಪತ್ತೇಳು ದಿನ ಅಧಿಕಾರಿ ನಿಂತಿದ್ದ. ಇಪ್ಪತ್ತೆಂಟನೆಯ ದಿನ ಏನಾಯಿತು? ಕುರ್ಚಿ ಮುರಿಯಿತು ಅನ್ನುತ್ತೀರಿ. ಇಲ್ಲ, ಅದು ಹಳೇ ಕಾಲದ ತೇಗದ ಕುರ್ಚಿ. ಅಧಿಕಾರಿ ತಲೆ ತಿರುಗಿ ಬಿದ್ದ ಅನ್ನುತ್ತೀರಿ. ಬೀಳಬೇಕಿತ್ತು, ಬೀಳಲಿಲ್ಲ. ಯಾರೋ ಮಣೆಯನ್ನು ಎತ್ತಿ ಒಲೆಗೆ ಹಾಕಿದರು ಅನ್ನುತ್ತೀರಿ. ನಾಲ್ಕು ಜನ ಅದಕ್ಕೆ ಕೈ ಹಾಕಿದ್ದೂ ನಿಜ, ನಾಲ್ವರ ಸೊಂಟವೂ ಹಿಡಿದುಕೊಂಡದ್ದೂ ನಿಜ, ಆದರೆ ಆದದ್ದು ಅದಲ್ಲ. ಊಹೆ ಬಿಡಿ, ಮೊದಲಿನಿಂದ ಕೇಳಿ. ಇಂಥ ಕಥೆಗೆ ಅವಸರ ಮಾಡಿದರೆ ಬಿಸಿ ಕಾಫಿಗೆ ಅವಸರ ಮಾಡಿದ ಹಾಗೆ, ನಾಲಗೆ ಸುಡುತ್ತದೆ, ರುಚಿ ಸಿಗುವುದಿಲ್ಲ.

ಆ ಊರಿಗೊಂದು ಕಟ್ಟಳೆಯಿತ್ತು. ವರ್ಷಕ್ಕೊಮ್ಮೆ ಊರ ಮಧ್ಯದ ಕಟ್ಟೆಯ ಮೇಲೆ ಹುಣಸೆ ಬೀಜ ತುಂಬಿದ ಒಂದು ಕೊಡ ಇಡುವರು. ಅಷ್ಟು ಬೀಜಗಳಲ್ಲಿ ಏಳಕ್ಕೆ ಮಾತ್ರ ಸುಣ್ಣ ಬಳಿದಿರುತ್ತದೆ. ಮನೆಗೊಬ್ಬರಂತೆ ಬಂದು, ಕಣ್ಣು ಮುಚ್ಚಿ, ಒಂದು ಬೀಜ ತೆಗೆಯಬೇಕು. ಬಿಳಿ ಬೀಜ ಬಂದ ಏಳು ಜನ ಆ ವರ್ಷದ ‘ಕೇಳುವವರು’. ಅವರು ಯಾವ ಕಚೇರಿಗೆ ಬೇಕಾದರೂ ಹೋಗಬಹುದು, ಯಾವ ಬೀರು ಬೇಕಾದರೂ ತೆಗೆಯಬಹುದು, ಯಾವ ಪ್ರಶ್ನೆ ಬೇಕಾದರೂ ಕೇಳಬಹುದು. ಪ್ರಶ್ನೆಯನ್ನು ಸುಣ್ಣದಲ್ಲಿ ಮಣೆಯ ಮೇಲೆ ಬರೆದು, ಮಣೆಯನ್ನು ತಲೆಯ ಮೇಲೆ ಹೊತ್ತು ತಂದು, ಅಧಿಕಾರಿಯ ಕುರ್ಚಿಯ ಮೇಲೆ ಕೂರಿಸುವರು. ಪ್ರಶ್ನೆ ಅಂದರೆ ಆ ಊರಿನಲ್ಲಿ ನೆಂಟ. ನೆಂಟ ಕೂತಿರುವಷ್ಟು ದಿನ ಕಚೇರಿಯೊಳಗೆ ಅಧಿಕಾರಿ ನಿಂತೇ ಇರಬೇಕು. ಬಾಗಿಲು ಕಿಟಕಿ ತೆರೆದಿಟ್ಟು, ಹತ್ತು ಜನ ಕೇಳುವ ಹಾಗೆ, ಮಣೆಗೆ ಉತ್ತರ ಹೇಳಬೇಕು. ಉತ್ತರ ನಿಜವಾದರೆ ಮಣೆ ವೀಳ್ಯದೆಲೆಯಷ್ಟು ಹಗುರವಾಗಿ ಎರಡು ಬೆರಳಿಗೇ ಎದ್ದು ಬರುತ್ತದೆ. ಸುತ್ತಿ ಬಳಸಿ ಹೇಳಿದರೆ ಇನ್ನಷ್ಟು ಭಾರವಾಗುತ್ತದೆ. ತೂಗುವವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ, ತೂಕ ಮಾತ್ರ ಎಲ್ಲರಿಗೂ ಗೊತ್ತಾಗುತ್ತಿತ್ತು.

ಇನ್ನೊಂದು ಮಾತುಂಟು, ಇದೇ ಮುಖ್ಯ. ಕುರ್ಚಿಯಿಂದ ಪ್ರಶ್ನೆ ಎದ್ದುಹೋಗುವ ಮೊದಲೇ ಕೆಲಸದಿಂದ ನಿವೃತ್ತನಾಗಿ ಹೊರಟ ಅಧಿಕಾರಿಗೆ, ಆಮೇಲೆ ಊರಿನಲ್ಲಿ ಯಾರೂ ‘ಬನ್ನಿ, ಕೂತ್ಕೊಳ್ಳಿ’ ಅನ್ನುವುದಿಲ್ಲ. ಸಿಟ್ಟಿನಿಂದಲ್ಲ. ಆ ಮಾತು ಯಾರ ನಾಲಗೆಗೂ ಬರುವುದಿಲ್ಲ, ಅಷ್ಟೇ. ಕರೆಯದೆ ಕೂರುವುದು ಅಂಥವನಿಗೆ ಸಾಧ್ಯವಿರಲಿಲ್ಲ, ಮೊಣಕಾಲು ಮಡಚುತ್ತಿರಲಿಲ್ಲ. ಹಿಂದೊಬ್ಬ ದಾರಿಯ ಅಧಿಕಾರಿಯಿದ್ದ. ‘ಈ ದಾರಿ ಅರ್ಧಕ್ಕೇ ಏಕೆ ನಿಂತಿದೆ?’ ಎಂಬ ಮಣೆಯನ್ನು ಕುರ್ಚಿಯ ಮೇಲೆ ಬಿಟ್ಟು ಮನೆಗೆ ಹೋದವನು ಹನ್ನೆರಡು ವರ್ಷದಿಂದ ನಿಂತೇ ಇದ್ದಾನೆ. ಮದುವೆ ಮನೆಯಲ್ಲಿ ಕಂಬಕ್ಕೆ ಒರಗಿ ಉಣ್ಣುತ್ತಾನೆ. ಕ್ಷೌರಿಕ ಅವನಿಗೆ ನಿಂತಲ್ಲೇ ಕ್ಷೌರ ಮಾಡುತ್ತಾನೆ. ಕಟ್ಟಿಕೊಂಡ ಹೆಂಡತಿಯೂ ‘ಊಟಕ್ಕೆ ಬನ್ನಿ’ ಅನ್ನುತ್ತಾಳೆ, ಮುಂದಿನ ಮಾತು ಅವಳ ಗಂಟಲಲ್ಲೇ ಉಳಿಯುತ್ತದೆ.

ನಮ್ಮ ನೀರಧಿಕಾರಿಗೆ ನಿವೃತ್ತಿಗೆ ಸರಿಯಾಗಿ ಮೂವತ್ತು ದಿನ ಉಳಿದಿತ್ತು. ಅವತ್ತು ಬೆಳಿಗ್ಗೆ ಕೇಳುವವರು ಏಳು ಜನರೂ ಬಂದರು. ಮುಂದೆ ಒಬ್ಬಳು ಬಳೆಗಾರ್ತಿ, ಅವಳ ತಲೆಯ ಮೇಲೆ ಮಣೆ.

“ಸಾಹೇಬ್ರೆ, ಸ್ವಲ್ಪ ಎದ್ದೇಳ್ತೀರಾ? ನೆಂಟರು ಬಂದಿದ್ದಾರೆ,” ಅಂದಳು.

ಅಧಿಕಾರಿ ಎದ್ದ. ಅವಳು ಮಣೆಯನ್ನು ಕುರ್ಚಿಯ ಮೇಲಿಟ್ಟಳು. ಬಿಳಿಯ ಅಕ್ಷರ ಎದ್ದು ಕಾಣುತ್ತಿತ್ತು: ‘ಮೂಡಲ ಕೇರಿಯ ನಲ್ಲಿಯಲ್ಲಿ ಹತ್ತೊಂಬತ್ತು ವರ್ಷದಿಂದ ನೀರಿಲ್ಲ. ಏಕೆ?’

ಅಧಿಕಾರಿ ನಕ್ಕುಬಿಟ್ಟ. “ಇಷ್ಟೇನಾ? ನಿಮ್ಮ ನೆಂಟರನ್ನ ಮಧ್ಯಾಹ್ನದೊಳಗೆ ಎಬ್ಬಿಸಿ ಕಳಿಸ್ತೀನಿ. ಕಾಫಿ ತರಿಸ್ತೀನಿ, ಕುಡಿದು ಹೋಗಿ.”

“ಬೇಡ ಸಾಹೇಬ್ರೆ. ಆ ಕೇರೀಲಿ ಕಾಫಿಗೆ ನೀರಿಲ್ಲ, ನಾವು ಇಲ್ಲಿ ಕುಡಿದರೆ ಹೊಟ್ಟೆಗೆ ಹತ್ತಲ್ಲ,” ಅಂದಳು ಬಳೆಗಾರ್ತಿ. ಏಳು ಜನರೂ ಸಾಲಾಗಿ ಹೊರಟುಹೋದರು.

ಅಧಿಕಾರಿ ನಕ್ಕದ್ದರಲ್ಲಿ ತಪ್ಪಿಲ್ಲ, ಅವನ ಹತ್ತಿರ ಪುಸ್ತಕವಿತ್ತು. ಕೆಂಪು ಬಟ್ಟೆಯ ಹೊದಿಕೆಯ ದೊಡ್ಡ ಪುಸ್ತಕ. ಊರಿನ ಹದಿಮೂರು ಕೇರಿಗೆ ದಿನಾ ನೀರು ಬಿಡುವವನು ಒಬ್ಬ ನೀರುಗಂಟಿ. ಅವನು ಬೆಳಿಗ್ಗೆ ಆರಕ್ಕೆ ಕೆರೆಯ ಏರಿಯ ಮೇಲಿನ ದೊಡ್ಡ ವಾಲ್ವು ತಿರುಗಿಸಿ, ವಾಲ್ವು ತಿರುಗಿಸುವ ಉದ್ದನೆಯ ಕಬ್ಬಿಣದ ಕೈ ಹೆಗಲ ಮೇಲೆ ಹೊತ್ತು, ಕೇರಿಯಿಂದ ಕೇರಿಗೆ ನಡೆದು, ಒಂದೊಂದು ಕೇರಿಯ ವಾಲ್ವನ್ನೂ ತೆರೆಯುವನು. ಎಂಟಕ್ಕೆ ದೊಡ್ಡದನ್ನು ಮುಚ್ಚಿ, ಮತ್ತೆ ಹೊರಟು, ಎಲ್ಲವನ್ನೂ ಮುಚ್ಚುವನು. ಆಮೇಲೆ ಕಚೇರಿಗೆ ಬಂದು ಪುಸ್ತಕದಲ್ಲಿ ಬರೆಯುವನು: ‘ಮೂಡಲ ಕೇರಿ. ಬಿಟ್ಟಿದೆ. ನಿಲ್ಲಿಸಿದೆ.’ ಅದರ ಕೆಳಗೆ ಅಧಿಕಾರಿ ಬರೆಯುವನು: ‘ನೋಡಿದೆ’, ಒಂದು ಸಹಿ. ಹತ್ತೊಂಬತ್ತು ವರ್ಷದ ಪುಟ ತಿರುವಿದರೂ ಒಂದು ದಿನ ತಪ್ಪಿಲ್ಲ. ಬಿಟ್ಟಿದೆ, ನಿಲ್ಲಿಸಿದೆ, ನೋಡಿದೆ. ಬಿಟ್ಟಿದೆ, ನಿಲ್ಲಿಸಿದೆ, ನೋಡಿದೆ.

ಅಧಿಕಾರಿ ಎದೆಯುಬ್ಬಿಸಿ ಮಣೆಗೆ ಹೇಳಿದ: “ಮೂಡಲ ಕೇರಿಗೆ ಪ್ರತಿದಿನವೂ ನೀರು ಬಿಡಲಾಗುತ್ತಿದೆ.”

ಕುರ್ಚಿ ಕಿರ್ ಅಂದಿತು. ಮಣೆ ಒಂದು ಸೇರು ಭಾರವಾಯಿತು.

ಆಗ ಬಂದವನು ಉತ್ತರದ ಗುಮಾಸ್ತ. ಊರಿನ ಎಲ್ಲ ಕಚೇರಿಗಳಿಗೂ ಉತ್ತರ ಬರೆದುಕೊಡುವವನು ಅವನೇ. ಅವನ ಹತ್ತಿರ ನಲವತ್ತು ಖಾನೆಯ ಒಂದು ಬೀರು, ಖಾನೆಗೊಂದು ಉತ್ತರ. ‘ಪರಿಶೀಲನೆಯಲ್ಲಿದೆ’ ಅನ್ನುವ ಖಾನೆಯ ಹಿಡಿ ಸವೆದು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ‘ಒಪ್ಪಿದ್ದೇವೆ’ ಅನ್ನುವ ಖಾನೆಯಲ್ಲಿ ಜೇಡ ಸಂಸಾರ ಹೂಡಿತ್ತು.

“ಸಾರ್, ಯೋಚನೆ ಮಾಡ್ಬೇಡಿ,” ಅಂದ ಗುಮಾಸ್ತ. “ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದ್ದು ಹುಡುಕಿ ಕೊಡ್ತೀನಿ.”

ಹುಡುಕಿ ಕೊಟ್ಟ. ಮೂರನೆಯ ದಿನ ಅಧಿಕಾರಿ ಓದಿದ: “ಭಾಗಶಃ ಒಪ್ಪಿದ್ದೇವೆ, ಭಾಗಶಃ ಒಪ್ಪಿಲ್ಲ.” ಮಣೆ ಭಾರವಾಯಿತು. ಏಳನೆಯ ದಿನ ಓದಿದ: “ಈ ವಿಷಯವು ಮೊದಲಿನಿಂದಲೂ ನಮ್ಮ ಗಮನದಲ್ಲಿದೆ.” ಮಣೆ ಭಾರವಾಯಿತು. ಹನ್ನೊಂದನೆಯ ದಿನ: “ಮೂಡಲ ಕೇರಿ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಗಬೇಕಿದೆ.” ಕಿಟಕಿಯಲ್ಲಿ ನಿಂತು ಕೇಳುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು, ಕುರ್ಚಿಯ ಕಾಲು ನೆಲದ ಚಪ್ಪಡಿಯೊಳಗೆ ಬೆರಳಷ್ಟು ಇಳಿಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಎಷ್ಟು ಹೇಳಿದರೂ ಅಷ್ಟೇ. ಹದಿನೈದನೆಯ ದಿನಕ್ಕೆ ಕುರ್ಚಿ ಗಿಡ್ಡವಾಗಿತ್ತು. ಇಪ್ಪತ್ತನೆಯ ದಿನಕ್ಕೆ ಅಧಿಕಾರಿಯ ಪಾದ ಊದಿ ಚಪ್ಪಲಿಗೆ ಹೋಗುತ್ತಿರಲಿಲ್ಲ. ಕಚೇರಿಯ ಎದುರಿನ ಗೋಡೆಗೆ ನಿಂತೇ ಇರುವ ಆ ದಾರಿಯ ಅಧಿಕಾರಿ ಬಂದು ಒರಗಿ ನಿಲ್ಲುವನು. ಸುಮ್ಮನೆ ಇವನ ಕಾಲನ್ನೇ ನೋಡುವನು.

ಬಳೆಗಾರ್ತಿ ವಾರಕ್ಕೊಮ್ಮೆ ಬಂದು ಇಣುಕುವಳು. “ನೆಂಟರು ಹೇಗಿದ್ದಾರೆ ಸಾಹೇಬ್ರೆ? ಮೈ ತುಂಬಿಕೊಂಡ ಹಾಗಿದೆ.”

ಇಪ್ಪತ್ತಾರನೆಯ ದಿನ ಬಂದವಳು ತಮಾಷೆ ಮಾಡಲಿಲ್ಲ. ಅವನ ಪಾದ ನೋಡಿ, ಬಳೆಯ ಮಲಾರ ಕೆಳಗಿಳಿಸಿ ಕೇಳಿದಳು: “ಒಂದು ಮಾತು ಕೇಳ್ಲಾ? ಇದು ಮಣೆಯ ಪ್ರಶ್ನೆಯಲ್ಲ, ನನ್ನದು. ಆ ಕೇರಿಯ ನಲ್ಲಿ ಯಾವ ಕಡೆಗೆ ಮುಖ ಮಾಡಿದೆ?”

ಪುಸ್ತಕದ ಕಡೆ ಅಧಿಕಾರಿಯ ಕೈ ಹೋಯಿತು. ಪುಸ್ತಕದಲ್ಲಿ ಅದು ಇರಲಿಲ್ಲ. ಗುಮಾಸ್ತನ ಕಡೆ ನೋಡಿದ. ನಲವತ್ತು ಖಾನೆಯಲ್ಲೂ ಅದಿರಲಿಲ್ಲ.

“ಸರಿ, ಬರ್ತೀನಿ,” ಅಂದು ಅವಳು ಮಲಾರ ಎತ್ತಿಕೊಂಡಳು.

ಮಾರನೆಯ ಬೆಳಿಗ್ಗೆ, ಅಂದರೆ ಇಪ್ಪತ್ತೇಳನೆಯ ದಿನ, ಅಧಿಕಾರಿ ಊದಿದ ಪಾದಕ್ಕೆ ಬಟ್ಟೆ ಸುತ್ತಿಕೊಂಡು, ನೀರುಗಂಟಿಯ ಹಿಂದೆ ನಡೆದ. ಮೂಡಲ ಕೇರಿ ಹದಿಮೂರರಲ್ಲಿ ಕೊನೆಯದು. ನಲವತ್ತು ಮನೆ, ಒಂದು ನಲ್ಲಿ. ನಲ್ಲಿ ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿತ್ತು. ಅಧಿಕಾರಿ ಅದನ್ನೇ ನೋಡುತ್ತ ನಿಂತ. ಒಬ್ಬ ಅಜ್ಜಿ ಮಾತ್ರ ಹೊಸ್ತಿಲ ಹತ್ತಿರ ಕಾಲು ನೀಡಿಕೊಂಡಿದ್ದಳು. ಉಳಿದ ಹೆಂಗಸರು ಊರಾಚೆಯ ಕಲ್ಯಾಣಿಗೆ ಕೊಡ ಹೊತ್ತು ಹೋಗಿದ್ದರು. ಹೋಗುವುದು ಒಂದು ಹರದಾರಿ, ಬರುವುದು ಒಂದು ಹರದಾರಿ.

ಅವರು ನೋಡುತ್ತಿದ್ದಂತೆಯೇ ನಲ್ಲಿ ಗುಳುಗುಳು ಅಂದಿತು. ಒಂದು ಚೊಂಬಿನಷ್ಟು ನೀರು ಬಿತ್ತು. ಅಧಿಕಾರಿಯ ಮುಖ ಅರಳಿತು.

“ಬಂತಲ್ಲ! ಬರುತ್ತಲ್ಲ ನೀರು!”

“ಇನ್ನೂ ವಾಲ್ವು ತೆರೆದಿಲ್ಲ ಸ್ವಾಮಿ, ಈಗ ತೆರೀತೀನಿ, ತಾಳಿ,” ಅಂದ ನೀರುಗಂಟಿ. ವಾಲ್ವಿನ ಗುಂಡಿಗೆ ಕಬ್ಬಿಣದ ಕೈ ಇಳಿಸಿ, ಎಡಕ್ಕೆ, ಹನ್ನೊಂದು ಸುತ್ತು, ಉಸಿರು ಬಿಗಿಹಿಡಿದು ತಿರುಗಿಸಿದ. ಹನ್ನೊಂದನೆಯ ಸುತ್ತಿಗೆ ನಲ್ಲಿ ಕೊನೆಯ ತೊಟ್ಟು ಬಿಟ್ಟು ನಿಂತುಹೋಯಿತು.

ಮೂವರಲ್ಲಿ ಆಶ್ಚರ್ಯವಾಗದವಳು ಅಜ್ಜಿ ಒಬ್ಬಳೇ.

“ದಿನಾ ಹೀಗೇ ಸ್ವಾಮಿ,” ಅಂದಳು ಅಜ್ಜಿ. “ಇವನು ಬಂದು ತಿರುಗಿಸೋ ತನಕ ಒಂದು ಚೊಂಬು ಬೀಳುತ್ತೆ. ತಿರುಗಿಸಿದ ಕೂಡಲೇ ನಿಲ್ಲುತ್ತೆ, ಇವನು ನಲ್ಲಿ ಕಡೆ ತಿರುಗಿಯೂ ನೋಡದೆ ಹೊರಟುಬಿಡ್ತಾನೆ. ಎಂಟು ಗಂಟೆ ಆದ ಮೇಲೆ ಮತ್ತೆ ಬಂದು ತಿರುಗಿಸ್ತಾನೆ, ಆಗ ಪೈಪಿನಲ್ಲಿ ಉಳಿದದ್ದು ಒಂದು ಕೊಡ ಬರುತ್ತೆ. ನಲವತ್ತು ಮನೆಗೆ ಒಂದು ಕೊಡ. ಬಾಣಂತಿ ಇರೋ ಮನೆಗೆ ಅದು.”

“ನಾನು ತೆರೆದಿದ್ದು ಅಜ್ಜಿ!” ಅಂದ ನೀರುಗಂಟಿ. “ಊರಿನ ಎಲ್ಲ ವಾಲ್ವೂ ಎಡಕ್ಕೇ ತೆರೆಯೋದು. ನನ್ನ ಮಾವ ಹಾಗೇ ಕಲಿಸಿದ್ದು.”

“ಈ ಗುಂಡೀದು ಒಡೆದು, ಬೇರೆ ತಂದು ಹಾಕಿದರಲ್ಲ, ಹತ್ತೊಂಬತ್ತು ವರ್ಷದ ಹಿಂದೆ. ಇದು ಬೇರೆ ಜಾತೀದು ಇರಬೇಕು ಕಣಪ್ಪ. ಬಲಕ್ಕೆ ತಿರುಗಿಸಿ ನೋಡಬಾರದಾ?”

ಬಲಕ್ಕೆ ತಿರುಗಿಸಿದ. ಒಂದು, ಎರಡು, ಮೂರು. ಐದನೆಯ ಸುತ್ತಿಗೆ ನಲ್ಲಿ ಕೆಮ್ಮಿತು. ಹನ್ನೊಂದಕ್ಕೆ ನೀರು ಎಂಥ ರಭಸದಿಂದ ಬಂತೆಂದರೆ ಕೆಳಗಿನ ಕಲ್ಲಿನ ಮೇಲಿನ ಧೂಳೆಲ್ಲ ಎದ್ದು ಅಧಿಕಾರಿಯ ಪಂಚೆಗೆ ಸಿಡಿಯಿತು. ನೀರುಗಂಟಿ ಗುಂಡಿಯ ಅಂಚಿನಲ್ಲಿ ಕುಸಿದು, ತಲೆಯ ಮೇಲೆ ಕೈ ಹೊತ್ತುಕೊಂಡ. ಹತ್ತೊಂಬತ್ತು ವರ್ಷ ತೆರೆಯುತ್ತೇನೆಂದು ಮುಚ್ಚಿದ್ದ, ಮುಚ್ಚುತ್ತೇನೆಂದು ತೆರೆದಿದ್ದ.

“ನೀವು ಯಾಕೆ ಹೇಳಲಿಲ್ಲ ಅಜ್ಜಿ?” ಅಂದ ಅಧಿಕಾರಿ.

“ಯಾರಿಗೆ ಹೇಳೋದು, ಗೋಡೆಗಾ? ಇವನಿಗೆ ಹೇಳಿದರೆ ‘ಬಿಟ್ಟಿದೀನಲ್ಲ’ ಅಂತಿದ್ದ. ನಿಮಗೆ ಮೂರು ಸಲ ಅರ್ಜಿ ಕೊಟ್ಟೆವು. ‘ಪ್ರತಿದಿನವೂ ನೀರು ಬಿಡಲಾಗುತ್ತಿದೆ’ ಅಂತ ಕಾಗದ ಬಂತು, ಕೆಳಗೆ ನಿಮ್ಮ ಸಹಿ. ಕಾಗದವೇ ಹಾಗೆ ಹೇಳಿದ ಮೇಲೆ ನಮ್ಮ ಕಣ್ಣಿಗೇ ಏನೋ ಆಗಿದೆ ಅಂದುಕೊಂಡೆವು ಸ್ವಾಮಿ.”

ಅಧಿಕಾರಿ ಕಚೇರಿಗೆ ಹೋದ. ನಡೆದದ್ದು ಕೇಳಿ ಗುಮಾಸ್ತ ಸಂತೋಷದಿಂದ ಕುಣಿದಾಡಿದ. “ಮುಗೀತು ಸಾರ್! ‘ದೋಷವನ್ನು ಸರಿಪಡಿಸಲಾಗಿದೆ’ ಅನ್ನಿ, ಇದು ನಿಜವಾದ ನಿಜ!”

ಅಧಿಕಾರಿ ಹಾಗೇ ಅಂದ. ಮಣೆಗೆ ಎರಡು ಬೆರಳು ಹಾಕಿದ. ಮಣೆ ಭಾರವಾಗಲಿಲ್ಲ, ಏಳಲೂ ಇಲ್ಲ. ಅದು ಕೇಳಿದ್ದು ನೀರು ಬಂತೇ ಎಂದಲ್ಲ, ಇಷ್ಟು ವರ್ಷ ಬರಲಿಲ್ಲವೇಕೆ ಎಂದು.

ಇಪ್ಪತ್ತೆಂಟನೆಯ ದಿನ ಬಂತು. ಕಚೇರಿಯ ಬಾಗಿಲಲ್ಲಿ, ಕಿಟಕಿಯಲ್ಲಿ, ಎದುರಿನ ಜಗಲಿಯಲ್ಲಿ ಜನವೋ ಜನ. ಕೇಳುವವರು ಏಳು ಜನರೂ ಬಂದಿದ್ದರು. ಮೂಲೆಯಲ್ಲಿ ನೀರುಗಂಟಿ, ನಿನ್ನೆಯಿಂದ ಅನ್ನ ಮುಟ್ಟದ ಮುಖ. ಗುಮಾಸ್ತ ಹಿಂದಿನ ಸಂಜೆಯೇ ಬೀರುವಿನ ತಳದ ಖಾನೆಯಿಂದ ಒಂದು ಕಾಗದ ತೆಗೆದಿಟ್ಟಿದ್ದ. ಅಧಿಕಾರಿಯ ಕೈಗೆ ಕೊಡಲು ಹೋದವನು ಅವನ ಕಣ್ಣು ನೋಡಿ ಹೆದರಿ ತಾನೇ ಓದಿಬಿಟ್ಟ: “ನೀರುಗಂಟಿಯ ನಿರ್ಲಕ್ಷ್ಯದಿಂದ ಹೀಗಾಗಿದ್ದು, ಅವನನ್ನು ಕೆಲಸದಿಂದ...”

ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ಕಟಕಟನೆ ಸದ್ದಾಗಿ ಕುರ್ಚಿಯ ನಾಲ್ಕೂ ಕಾಲು ಚಪ್ಪಡಿಯನ್ನು ಸೀಳಿಕೊಂಡು ಕೆಳಗಿಳಿದವು. ಕೂರುವ ಹಲಗೆ ನೆಲಕ್ಕೆ ಸಮವಾಯಿತು. ಪ್ರಶ್ನೆ ಈಗ ನೆಲದ ಮೇಲೇ ಕೂತಿತ್ತು.

ಅಧಿಕಾರಿ ಗುಮಾಸ್ತನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿ ಪಕ್ಕಕ್ಕಿಟ್ಟ. ಮಣೆಯ ಎದುರು ಬಗ್ಗಿದ.

“ನೀರುಗಂಟಿ ತನಗೆ ಗೊತ್ತಿದ್ದುದನ್ನು ಒಂದು ದಿನವೂ ತಪ್ಪದೆ ಮಾಡಿದ. ಅದು ಸರಿಯಾಯಿತೋ ಇಲ್ಲವೋ ನೋಡುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷ ‘ನೋಡಿದೆ’ ಅಂತ ಬರೆದೆ. ನೋಡಿರಲಿಲ್ಲ. ಪುಸ್ತಕ ನೋಡಿದೆ, ನಲ್ಲಿ ನೋಡಲಿಲ್ಲ. ಕೇರಿಯವರು ಮೂರು ಸಲ ಹೇಳಿದರು. ಅವರ ಕಣ್ಣನ್ನು ನಂಬದೆ ನನ್ನ ಸಹಿಯನ್ನು ನಂಬಿದೆ. ಅದಕ್ಕೇ ನೀರು ಬರಲಿಲ್ಲ. ನಾಳೆಯಿಂದ ಈ ಪುಸ್ತಕಕ್ಕೆ ಕಚೇರಿಯಲ್ಲಿ ಸಹಿ ಬೀಳುವುದಿಲ್ಲ. ನಲ್ಲಿಯ ಹತ್ತಿರ, ನೀರು ಹಿಡಿಯುವವರ ಎದುರಿಗೆ, ಅವರು ಹೂಂ ಅಂದ ಮೇಲೆ ಬೀಳುತ್ತದೆ. ನನ್ನ ನಂತರ ಬರುವವನಿಗೂ ಇದನ್ನೇ ಬರೆದಿಟ್ಟು ಹೋಗುತ್ತೇನೆ.”

ಇಷ್ಟು ಹೇಳಿ ಎರಡು ಬೆರಳು ಚಾಚಿದ. ಚಾಚುವ ಮೊದಲೇ ಮಣೆ, ಹೇಗೆ ಹೇಳಲಿ, ನಿದ್ದೆ ಮುಗಿದ ಮಗು ತಾನೇ ಎದ್ದು ಬರುವ ಹಾಗೆ ಅವನ ಕೈಗೆ ಬಂತು. ಅದರ ಮೇಲೆ ಸುಣ್ಣದ ಒಂದು ಗೆರೆಯೂ ಉಳಿದಿರಲಿಲ್ಲ. ಹೊರಗೆ ಯಾರೋ ಜೋರಾಗಿ ಉಸಿರು ಬಿಟ್ಟರು, ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು.

ನೆಂಟನನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲ. ಅಧಿಕಾರಿ ಮಣೆಗೆ ಅರಿಶಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು, ಬಳೆಗಾರ್ತಿಯ ಕೈಗೆ ಕೊಟ್ಟು ಕೈಮುಗಿದ.

“ತಾಯಿ, ನಿಮ್ಮ ಉಪಕಾರ ದೊಡ್ಡದು. ನೀವು ಕೇಳದೆ ಇದ್ದಿದ್ದರೆ ಇನ್ನೆರಡು ದಿನಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಹೋಗಿರುತ್ತಿದ್ದೆ. ಒಳ್ಳೆಯ ಅಧಿಕಾರಿಯಾಗಿದ್ದೆ ಅಂತ ನಂಬಿಕೊಂಡೇ ಸಾಯುತ್ತಿದ್ದೆ.”

“ನನಗ್ಯಾಕೆ ಕೈಮುಗೀತೀರಿ ಸಾಹೇಬ್ರೆ? ಹುಣಸೆ ಬೀಜಕ್ಕೆ ಮುಗೀರಿ. ಬಿಳೀದು ಕೈಗೆ ಬಂದ ದಿನ ನನ್ನ ವ್ಯಾಪಾರ ಹಾಳಾಯ್ತು ಅಂತ ಅತ್ತೋಳು ನಾನು,” ಅಂದಳು ಬಳೆಗಾರ್ತಿ. ಅಂದವಳ ಕಣ್ಣೂ ಒದ್ದೆಯಾಗಿತ್ತು.

ಜನ ಕರಗುವ ಹೊತ್ತಿಗೆ ಮೂಡಲ ಕೇರಿಯ ಅಜ್ಜಿ ಕೋಲೂರಿಕೊಂಡು ಬಂದಳು. ಆ ಕಚೇರಿಯ ಮೆಟ್ಟಿಲನ್ನು ಅವಳು ಹತ್ತಿದ್ದು ಅದೇ ಮೊದಲು.

“ಬೆಳಿಗ್ಗೆ ಸೊಸೆ ಕಲ್ಯಾಣಿಗೆ ಹೋಗಲಿಲ್ಲ,” ಅಂದಳು. “ಎರಡು ಹರದಾರಿ ನಡೆಯೋ ಹೊತ್ತು ಉಳೀತು. ಇಬ್ಬರಿಗೂ ಏನು ಮಾಡೋದು ಅಂತ ತಿಳೀಲಿಲ್ಲ. ಸುಮ್ಮನೆ ಕೂರೋದು ಅಭ್ಯಾಸ ಇಲ್ಲವಲ್ಲ, ಕಡುಬು ಬೇಯಿಸಿದೆವು. ಊಟಕ್ಕೆ ಬಾರಪ್ಪ. ಅವನನ್ನೂ ಕರಕೊಂಡು ಬಾ.”

ಅಧಿಕಾರಿ ಹೋದ, ನೀರುಗಂಟಿಯೂ ಹೋದ. ಕೇರಿ ಹತ್ತಿರವಾದಂತೆ ಇಬ್ಬರ ನಡಿಗೆಯೂ ನಿಧಾನವಾಯಿತು. ಮಣೆ ಎದ್ದಿತ್ತು ನಿಜ, ಕಟ್ಟಳೆಯ ಲೆಕ್ಕದಲ್ಲಿ ಅವನು ಗೆದ್ದಿದ್ದ. ಆದರೆ ನಲವತ್ತು ಬಾಗಿಲಲ್ಲಿ ನಲವತ್ತು ಹೆಂಗಸರು ನಿಂತು ನೋಡುತ್ತಿದ್ದರು. ಒಬ್ಬೊಬ್ಬರ ನೆತ್ತಿಯ ಮೇಲೂ ಹತ್ತೊಂಬತ್ತು ವರ್ಷದ ಕೊಡ ಕೂತಿದ್ದ ಜಾಗದಲ್ಲಿ ಕೂದಲು ಸವೆದಿತ್ತು. ‘ಕೂತ್ಕೊಳ್ಳಿ’ ಅನ್ನುವ ಆ ಮಾತು ಇವರ ನಾಲಗೆಗೆ ಬಂದೀತೇ? ಬರದಿದ್ದರೆ ಇವರನ್ನು ಅನ್ನುವ ಹಾಗಿದೆಯೇ? ಅವನು ಅಜ್ಜಿಯ ನಡುಮನೆಯಲ್ಲಿ ನಿಂತ. ಎಲೆ ಹಾಕಿತ್ತು. ಸೊಸೆ ಅವನ ಮುಖ ನೋಡಿ, ತಲೆ ತಗ್ಗಿಸಿ, ಒಳಗೆ ಹೋದಳು.

ಸೊಸೆ ತಿರುಗಿ ಬಂದಳು. ಅವಳ ಕೈಯಲ್ಲಿ ಒಂದು ಲೋಟ ನೀರಿತ್ತು. ಅದನ್ನು ಎಲೆಯ ಪಕ್ಕದಲ್ಲಿಟ್ಟಳು. ಅಜ್ಜಿ ಒಲೆಯ ಮುಂದಿನಿಂದಲೇ ಕೂಗಿದಳು:

“ಯಾಕಪ್ಪ ಇಬ್ಬರೂ ಕಂಬದ ಹಾಗೆ ನಿಂತಿರಿ? ಕೂತ್ಕೊಳ್ಳಿ, ಕಡುಬು ಆರುತ್ತೆ!”

ಅವನ ಮೊಣಕಾಲು ಮಡಚಿತು. ಕೂತ. ಕೂತವನು ಸ್ವಲ್ಪ ಹೊತ್ತು ಲೋಟವನ್ನೇ ಹಿಡಿದುಕೊಂಡಿದ್ದ. ಆಮೇಲೆ ಎಷ್ಟು ಕಡುಬು ತಿಂದ ಅನ್ನುವುದನ್ನು ಅಜ್ಜಿ ಲೆಕ್ಕ ಇಡಲಿಲ್ಲ. ಆ ಕೇರಿಯಲ್ಲಿ ಮುದುಕರನ್ನು ಕೇಳಿ, ಮಕ್ಕಳನ್ನು ಕೇಳಿ, ಮನೆಯ ಲಗ್ನದ ದಿನ ಮರೆತವರೂ ಅವನು ಕೂತ ಗಳಿಗೆಯನ್ನು ಮರೆತಿಲ್ಲ: ಸಾಧಾರಣ ಸಂವತ್ಸರ, ಮಾಘ ಬಹುಳ ತದಿಗೆ, ಶನಿವಾರ, ಮಧ್ಯಾಹ್ನ ಒಂದು ಗಂಟೆ.